ಸಿಮೆಂಟು ಕಾರ್ಖಾನೆಯನ್ನು ವರ್ತುಲ ಆರ್ಥಿಕತೆಗೆ ತರುವುದು ಹೇಗೆ: ಕಸದಿಂದಲ್ಲ, ಕ್ಲಿಂಕರ್‌ನಿಂದ ಶುರುಮಾಡಿ

ನೂರು ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ ಉಳಿಯುವುದು 56 ಕೆ.ಜಿ. ಸುಣ್ಣ. ಮಿಕ್ಕ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಕಲ್ಲಿದ್ದಲು ಉರಿಸಿ, ಸೌದೆ ಉರಿಸಿ, ಬಿಸಿಲಿನ ಶಾಖವನ್ನೇ ಹಿಡಿದು ತನ್ನಿ, ಆ 44 ಕೆ.ಜಿ. ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ. ಅದು ಕಲ್ಲಿನೊಳಗೇ ಇದ್ದದ್ದು. ಹಳೆಯ ಕಾಲದ ಸುಣ್ಣದ ಗೂಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಂದ ಕಲ್ಲು ಬುಟ್ಟಿಯಲ್ಲಿ ಹಗುರವಾಗುವುದು ಅವರ ತಲೆಗೇ ಗೊತ್ತಾಗುತ್ತಿತ್ತು.

ಈ ಒಂದು ಲೆಕ್ಕ ಮರೆತರೆ ಉಳಿದದ್ದೆಲ್ಲ ತಲೆಕೆಳಗಾಗುತ್ತದೆ. ವರ್ತುಲ ಆರ್ಥಿಕತೆ (ಒಬ್ಬರು ಬಿಸುಟದ್ದನ್ನು ಇನ್ನೊಬ್ಬರ ಸರಕಾಗಿ ಮತ್ತೆ ಮತ್ತೆ ಬಳಸುವ ಕ್ರಮ) ಎಂದ ಕೂಡಲೇ ನಮ್ಮ ಸಭೆಗಳಲ್ಲಿ ಪರದೆಯ ಮೇಲೆ ಬರುವುದು ಕಿಲ್ನ್‌ಗೆ, ಅಂದರೆ ಕಲ್ಲು ಬೇಯಿಸುವ ಕುಲುಮೆಗೆ, ಪ್ಲಾಸ್ಟಿಕ್ ಕಸ ಹೋಗುತ್ತಿರುವ ಚಿತ್ರ. ಕಸ ಮಾಯವಾಯಿತು, ಕಲ್ಲಿದ್ದಲು ಉಳಿಯಿತು, ಚಪ್ಪಾಳೆ. ಆ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ, ಮುಂದೆ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಆದರೆ ಅದು ಮೊದಲ ಕೆಲಸವಲ್ಲ. ಮೊದಲ ಕೆಲಸ ಸಿಮೆಂಟು ಚೀಲದಲ್ಲಿರುವ ಕ್ಲಿಂಕರ್ ಪಾಲು ಇಳಿಸುವುದು. ಸುಣ್ಣದಕಲ್ಲಿನ ಹಿಟ್ಟು ಕಿಲ್ನ್‌ನಲ್ಲಿ ಬೆಂದು ಆಗುವ ಗಟ್ಟಿ ಉಂಡೆಯೇ ಕ್ಲಿಂಕರ್, ಅದನ್ನು ಅರೆದರೆ ಸಿಮೆಂಟು.

ಉದಾಹರಣೆಗೆ ಕಲಬುರಗಿ ಜಿಲ್ಲೆಯ ಸಿಮೆಂಟು ಸೀಮೆಯನ್ನೇ ಹಿಡಿದಿದ್ದೇನೆ: ವಾಡಿ, ಶಹಾಬಾದ್, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ. ರಾಷ್ಟ್ರಕೂಟರ ರಾಜಧಾನಿಯಿದ್ದ ಕಾಗಿಣಾ ದಂಡೆಯಲ್ಲಿ ಈಗ ಕಿಲ್ನ್‌ಗೆ ಹೋಗುವ ಕಲ್ಲಿನ ಹಿಟ್ಟನ್ನು ಮೊದಲೇ ಕಾಯಿಸುವ ಪ್ರೀಹೀಟರ್ ಗೋಪುರಗಳು ನಿಂತಿವೆ. ಕಲ್ಲು ಕಾಲಡಿಯಲ್ಲೇ ಇದೆ. ನೂರು ಕಿ.ಮೀ. ಆಸುಪಾಸಿನ ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಬೂದಿ ಇದೆ, ಇನ್ನೂ ದಕ್ಷಿಣಕ್ಕೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ) ಇದೆ, ಸುತ್ತಲ ಹೊಲಗಳಲ್ಲಿ ತೊಗರಿ ಕಟ್ಟಿಗೆ ಇದೆ. ಇಷ್ಟು ಹತ್ತಿರಕ್ಕೆ ಇಷ್ಟೆಲ್ಲ ಸಿಗುವ ಸೀಮೆಗಳು ಹೆಚ್ಚಿಲ್ಲ.

ಕಾರ್ಖಾನೆಯ ಎಂಜಿನಿಯರ್, ನಗರಸಭೆಯ ಪರಿಸರ ಅಧಿಕಾರಿ, ಗುತ್ತಿಗೆದಾರ, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಬ್ಬರು ಮಾತ್ರ ಮಾಡಿದರೆ ಇದು ಆಗುವ ಕೆಲಸವಲ್ಲ.

ಹಂತ 1: ಒಂದೇ ಹಾಳೆಯಲ್ಲಿ ಲೆಕ್ಕ ಬರೆಯಿರಿ

ಸಲಹೆಗಾರರನ್ನು ಕರೆಸುವ ಮೊದಲು ಒಂದು ಟನ್ ಕ್ಲಿಂಕರ್‌ಗೆ ಏನೇನು ಒಳಗೆ ಹೋಗುತ್ತದೆ, ಏನೇನು ಹೊರಗೆ ಬರುತ್ತದೆ ಎಂದು ಬರೆದುಕೊಳ್ಳಿ. ಅಂದಾಜಿಗೆ ಹೀಗೆ: ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು, ಕೆ.ಜಿ. ಕ್ಲಿಂಕರ್‌ಗೆ 720ರಿಂದ 750 ಕಿಲೊಕ್ಯಾಲೊರಿ ಶಾಖ. ಕಲ್ಲಿನಿಂದಲೇ ಹೊರಡುವ ಇಂಗಾಲದ ಡೈಆಕ್ಸೈಡ್ ಸುಮಾರು 525 ಕೆ.ಜಿ., ಕಲ್ಲಿದ್ದಲಿನಿಂದ ಸುಮಾರು 300 ಕೆ.ಜಿ. ನಿಮ್ಮ ಕಿಲ್ನ್‌ನ ಅಂಕಿ ಹಾಕಿ ತಿದ್ದಿಕೊಳ್ಳಿ.

ಈಗ ಹೋಲಿಸಿ. ನೂರಕ್ಕೆ 95 ಪಾಲು ಕ್ಲಿಂಕರ್ ಇರುವ ಒಪಿಸಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್, ಸಿಮೆಂಟಿನ ಒಂದು ಟನ್ನಿಗೆ ಸುಮಾರು 785 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. 65 ಪಾಲು ಕ್ಲಿಂಕರ್ ಇದ್ದು ಹಾರುಬೂದಿ ಬೆರೆತ ಪಿಪಿಸಿಗೆ ಸುಮಾರು 535. ಅಂದರೆ 250 ಕೆ.ಜಿ. ಉಳಿತಾಯ. ಇನ್ನೊಂದು ಕಡೆ, ಅದೇ ಒಪಿಸಿಯನ್ನೇ ಮಾಡುತ್ತ ಶೇ 20ರಷ್ಟು ಶಾಖವನ್ನು ಕಸದಿಂದ ಮಾಡಿದ ಇಂಧನದಿಂದ ಪಡೆಯಿರಿ. ಕಲ್ಲಿದ್ದಲಿನಿಂದ ಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 60 ಕೆ.ಜಿ. ಉಳಿಯಿತು. ಆದರೆ ಆ ಕಸದಲ್ಲಿ ಅರ್ಧದಷ್ಟು ಪ್ಲಾಸ್ಟಿಕ್ ಇದ್ದರೆ ಅದೂ ಭೂಮಿಯಡಿಯ ಎಣ್ಣೆಯೇ ತಾನೆ? ನಿಜವಾದ ಉಳಿತಾಯ ಸುಮಾರು 30 ಕೆ.ಜಿ. ಕಸದ ಗುಡ್ಡೆಯಿಂದ ಏಳುವ ಮೀಥೇನ್ ತಪ್ಪಿತು ಎಂಬ ಲಾಭ ಬೇರೆ ಇದೆ, ಒಪ್ಪಿದೆ. ಆದರೂ 250 ಎಲ್ಲಿ, 30 ಎಲ್ಲಿ.

ಈ ಹಾಳೆಯನ್ನು ವ್ಯವಸ್ಥಾಪಕರ ಕೋಣೆಯಲ್ಲಿ ತೂಗುಹಾಕಿ. ಮುಂದಿನ ಎಲ್ಲ ಜಗಳಗಳೂ ಅಲ್ಲಿಗೇ ಬಂದು ತೀರುತ್ತವೆ.

ಹಂತ 2: ಹಾರುಬೂದಿಯನ್ನು ಸರಕು ಎಂದು ಕೊಳ್ಳಿ, ಕಸ ಎಂದು ಅಲ್ಲ

ಭಾರತದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಬೂದಿಯೇ ಇರುವುದು ಸಾಮಾನ್ಯ. ವಿದ್ಯುತ್ ಸ್ಥಾವರಗಳು ಆ ಬೂದಿಯನ್ನು ಪೂರ್ತಿ ಬಳಕೆಗೆ ಕೊಡಲೇಬೇಕೆಂದು 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಬಳಕೆಯಾಗದೆ ಉಳಿದ ಟನ್ನಿಗೆ 1,000 ರೂಪಾಯಿ ಪರಿಹಾರ ದಂಡವೂ ಇದೆ. ಹಾಗಾಗಿ ಚೌಕಾಸಿಯಲ್ಲಿ ನಿಮ್ಮ ಕೈ ಮೇಲೆ. ಅದನ್ನು ದರ ಇಳಿಸಲು ಮಾತ್ರ ಬಳಸಬೇಡಿ, ಗುಣಮಟ್ಟ ಕೇಳಲು ಬಳಸಿ.

ಬೂದಿಯನ್ನು ಒಣಗಿದ್ದಾಗಲೇ, ಹೊಗೆ ಸೋಸುವ ಇಎಸ್‌ಪಿಯ ಹಾಪರ್‌ಗಳಿಂದಲೇ ತುಂಬಿಸಿಕೊಳ್ಳಬೇಕು. ಇಎಸ್‌ಪಿಯಲ್ಲಿ ಹೊಗೆ ಕೊನೆಗೆ ಹಾಯುವ ಫೀಲ್ಡ್‌ಗಳಲ್ಲಿ ಸಿಗುವ ಬೂದಿ ಮೊದಲ ಫೀಲ್ಡ್‌ಗಳದ್ದಕ್ಕಿಂತ ನಯ. ನೀರು ಬೆರೆಸಿ ಕೆರೆಗೆ ಬಿಟ್ಟ ಬೂದಿ ಬೇರೆಯೇ ವಸ್ತು, ಅದನ್ನು ಒಣಗಿಸಲು ಮತ್ತೆ ಇಂಧನ ಸುಡಬೇಕು. ಹಾರುಬೂದಿಯ ಭಾರತೀಯ ಮಾನಕ ಐಎಸ್ 3812ರ ಮೊದಲ ಭಾಗ ಕೇಳುವುದು ಇಷ್ಟು: ನಯ ಕೆ.ಜಿ.ಗೆ ಕನಿಷ್ಠ 320 ಚದರ ಮೀಟರ್, ಸುಟ್ಟಾಗ ಕಳೆದುಹೋಗುವ ಅಂಶ ಶೇ 5ಕ್ಕಿಂತ ಹೆಚ್ಚಿರಬಾರದು. ಎರಡನೆಯದನ್ನು ಪ್ರತಿ ಲೋಡಿಗೂ ನೋಡಿ. ಸುಡದ ಇದ್ದಲು ಉಳಿದ ಬೂದಿ ಕಾಂಕ್ರೀಟಿನ ಗುಣ ತಿದ್ದಲು ಹಾಕುವ ರಾಸಾಯನಿಕವನ್ನು, ಅಂದರೆ ಅಡ್‌ಮಿಕ್ಸ್ಚರನ್ನು, ಹೀರಿಕೊಂಡು ಕುಳಿತುಬಿಡುತ್ತದೆ. ಆಮೇಲೆ ಸೈಟಿನಲ್ಲಿ ಬೈಸಿಕೊಳ್ಳುವುದು ಸಿಮೆಂಟು.

ಪಿಪಿಸಿಯಲ್ಲಿ ಹಾರುಬೂದಿಯ ಮಿತಿ ಐಎಸ್ 1489ರ ಪ್ರಕಾರ 15ರಿಂದ 35 ಪಾಲು. 28ರಲ್ಲಿ ನಿಂತಿರುವ ಕಾರ್ಖಾನೆ 34ಕ್ಕೆ ಏರಲು ಮಾಡಬೇಕಾದ ಕೆಲಸಗಳಿವು. ಕ್ಲಿಂಕರ್ ಮತ್ತು ಬೂದಿಯನ್ನು ಒಂದೇ ಮಿಲ್‌ನಲ್ಲಿ ಅರೆಯುವುದನ್ನು ಬಿಡಿ. ಗಟ್ಟಿ ಕ್ಲಿಂಕರ್ ಅರೆಯುವಷ್ಟರಲ್ಲಿ ಮೆತ್ತನೆಯ ಬೂದಿ ಬೇಕಾದ್ದಕ್ಕಿಂತ ನಯವಾಗಿ ವಿದ್ಯುತ್ ಹಾಳಾಗುತ್ತದೆ. ಬೇರೆ ಬೇರೆ ಅರೆದು ಆಮೇಲೆ ಬೆರೆಸಿ. ಕ್ಲಿಂಕರನ್ನು ಮೊದಲಿಗಿಂತ ಸ್ವಲ್ಪ ನಯವಾಗಿ ಅರೆದರೆ ಮೂರನೆಯ ದಿನದ ಬಲ ಉಳಿಯುತ್ತದೆ. ಒಂದು ಸಲಕ್ಕೆ ಒಂದು ಪಾಲಿನಂತೆ ಏರಿಸಿ. 28 ದಿನ ಬಲಿತ ಪರೀಕ್ಷೆಯ ಕ್ಯೂಬ್ ಒಡೆದು ಬಲ ನೋಡುವವರೆಗೆ ಮುಂದಿನ ಪಾಲಿಗೆ ಕೈಹಾಕಬೇಡಿ. ಆರು ಪಾಲು ಏರಿಸಲು ಆರು ತಿಂಗಳು ಹಿಡಿಯುತ್ತದೆ, ಹಿಡಿಯಲಿ.

ಇನ್ನೊಂದು ಸಣ್ಣ ಮಾತು. ಬೂದಿ ತರುವ ಬಲ್ಕರ್ ಲಾರಿ ಬರುವಾಗ ತುಂಬಿರುತ್ತದೆ, ಹೋಗುವಾಗ ಖಾಲಿ. ಅದೇ ದಾರಿಯಲ್ಲಿ ಬಿಡಿ ಸಿಮೆಂಟು ಬೇಕಾದ ರೆಡಿಮಿಕ್ಸ್ ಘಟಕ ಹುಡುಕಿ, ಟ್ಯಾಂಕ್ ಶುಚಿ ಮಾಡಿಸಿ ತುಂಬಿ ಕಳಿಸಿ. ಸಾಗಣೆ ವೆಚ್ಚ ಇಳಿದರೆ ಬೂದಿಯ ಪಾಲು ತಾನಾಗಿ ಏರುತ್ತದೆ.

ಹಂತ 3: 35 ಪಾಲಿನ ಗೋಡೆ ದಾಟುವುದು

ಪಿಪಿಸಿಯ ಮಿತಿ ಮುಟ್ಟಿದ ಮೇಲೆ ಮೂರು ದಾರಿಗಳಿವೆ.

ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455 ಇದೆ, ಅದರಲ್ಲಿ 70 ಪಾಲಿನವರೆಗೂ ಸ್ಲ್ಯಾಗ್ ಹಾಕಬಹುದು. ಊದುಕುಲುಮೆಯಿಂದ ಹೊರಬಂದ ಕೂಡಲೇ ನೀರು ಹೊಡೆದು ಮರಳಿನಂತೆ ಮಾಡಿದ ಸ್ಲ್ಯಾಗ್ ಮಾತ್ರ ಆಗುತ್ತದೆ, ನಿಧಾನ ಆರಿದ್ದು ಬರೀ ಜಲ್ಲಿ. ಕಷ್ಟವೆಂದರೆ ತೋರಣಗಲ್ಲಿನ ಸುತ್ತಲೇ ಅದಕ್ಕೆ ಗಿರಾಕಿಗಳಿದ್ದಾರೆ. ಉತ್ತರದ ಕಾರ್ಖಾನೆಗಳಿಗೆ ರೈಲು ರೇಕ್ ಸಿಕ್ಕರಷ್ಟೇ ಗಿಟ್ಟುತ್ತದೆ. ಎರಡನೆಯದು ಕಾಂಪೋಸಿಟ್ ಸಿಮೆಂಟು, ಐಎಸ್ 16415. ಇದರಲ್ಲಿ ಬೂದಿಯೂ ಸ್ಲ್ಯಾಗೂ ಸೇರಿ ಕ್ಲಿಂಕರ್ 35 ಪಾಲಿನವರೆಗೂ ಇಳಿಯಬಹುದು. ಸ್ಲ್ಯಾಗ್ ಸ್ವಲ್ಪವೇ ಸಿಗುವವರಿಗೆ ಇದು ಅನುಕೂಲ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸುಟ್ಟ ಜೇಡಿ ಮತ್ತು ಸುಡದ ಸುಣ್ಣದಕಲ್ಲಿನ ಪುಡಿ ಬೆರೆಸಿದ ಸಿಮೆಂಟು, ಎಲ್‌ಸಿ3 ಎಂದು ಹೆಸರು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕರೆನ್ ಸ್ಕ್ರಿವನರ್, ಕ್ಯೂಬಾದಲ್ಲಿ ಫರ್ನಾಂಡೊ ಮಾರ್ಟಿರೆನಾ, ನಮ್ಮಲ್ಲಿ ದೆಹಲಿ ಮತ್ತು ಮದ್ರಾಸ್ ಐಐಟಿಗಳ ತಂಡಗಳು ಸೇರಿ ಬೆಳೆಸಿದ್ದು. 2023ರಲ್ಲಿ ಐಎಸ್ 18189 ಎಂಬ ಮಾನಕವೂ ಬಂತು. ಬಹುಮಟ್ಟಿಗೆ ಬಳಸುವ ಪಾಕ ಹೀಗೆ: ಕ್ಲಿಂಕರ್ 50, ಸುಟ್ಟ ಜೇಡಿ 30, ಸುಣ್ಣದಕಲ್ಲು 15, ಜಿಪ್ಸಮ್ 5. ಜೇಡಿಗೆ 700ರಿಂದ 850 ಡಿಗ್ರಿ ಶಾಖ ಸಾಕು, ಕ್ಲಿಂಕರ್‌ಗೆ 1,450 ಬೇಕು. ಅದಕ್ಕಿಂತ ಮುಖ್ಯ, ಜೇಡಿ ಸುಟ್ಟಾಗ ಹೊರಡುವುದು ನೀರಾವಿ. ಸುಣ್ಣದಕಲ್ಲಿನ ಪುಡಿಯನ್ನಂತೂ ಸುಡುವುದೇ ಇಲ್ಲ. ಕಿಲ್ನ್‌ಗೆ ಬೇಡವೆಂದು ಗಣಿಯ ಪಕ್ಕ ಗುಡ್ಡೆ ಹಾಕಿರುವ ಕೆಳದರ್ಜೆಯ ಕಲ್ಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇದು ಹೊರದೇಶದಿಂದ ಬಂದ ವಿದ್ಯೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಕಲ್ಲು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುಟ್ಟ ಜೇಡಿಯ ಪುಡಿ ಮತ್ತು ಸುಣ್ಣ. ಅದರ ಮೊಮ್ಮಗ ಈ ಎಲ್‌ಸಿ3.

ಜೇಡಿ ಎಲ್ಲಿಂದ ತರುವುದು? ಕಲಬುರಗಿಯ ಎರೆಮಣ್ಣು ನೋಡಿ ಆಸೆಪಡಬೇಡಿ. ಅದು ಉಬ್ಬಿ ಕುಗ್ಗುವ ಸ್ಮೆಕ್ಟೈಟ್ ಜೇಡಿ, ಇದಕ್ಕೆ ಬೇಕಾದ್ದು ಕೆಯೊಲಿನೈಟ್, ಅದೂ 40 ಪಾಲಿನ ಆಸುಪಾಸು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಪದರದ ಕೆಳಗೆ ಅದನ್ನು ಹುಡುಕಬೇಕು. ಕರಾವಳಿಯವರು ಶೇಡಿ ಮಣ್ಣು ಎನ್ನುವುದು ಅದನ್ನೇ. ಬೀದರಿನ ಮುರಕಲ್ಲು ಪ್ರಸ್ಥಭೂಮಿ ಕಲಬುರಗಿಗೆ ಹತ್ತಿರ, ಮೊದಲ ಮಾದರಿ ಅಲ್ಲಿಂದ ತೆಗೆದು ಪರೀಕ್ಷೆಗೆ ಕಳಿಸಿ. ಆದರೆ ಹೊಸದಾಗಿ ಗುಡ್ಡ ಅಗೆಯುವ ಮುನ್ನ ಈಗಾಗಲೇ ಅಗೆದು ಬಿಸುಟ ಮಣ್ಣಿನ ರಾಶಿಗಳನ್ನು, ಚೀನಾ ಜೇಡಿ ಗಣಿಗಳ ತಿರಸ್ಕೃತ ಮಣ್ಣನ್ನು ನೋಡಿ. ಶೇಡಿ ಬಗೆದ ಗುಡ್ಡ ಮಳೆಗಾಲದಲ್ಲಿ ಏನು ಮಾಡುತ್ತದೆಂದು ಕರಾವಳಿಯ ಹೆದ್ದಾರಿಯ ಬದಿಯಲ್ಲಿರುವವರನ್ನು ಕೇಳಬೇಕು.

ಎರಡು ತೊಡಕು ಮೊದಲೇ ತಿಳಿದಿರಲಿ. ಜೇಡಿಯಲ್ಲಿ ಕಬ್ಬಿಣವಿದ್ದರೆ ಸಿಮೆಂಟು ಕೆಂಪಗಾಗುತ್ತದೆ, ನಮ್ಮ ಗಿರಾಕಿಗೆ ಸಿಮೆಂಟೆಂದರೆ ಬೂದು ಬಣ್ಣ. ಆಮ್ಲಜನಕ ಕಡಿಮೆ ಇರುವ ಗಾಳಿಯಲ್ಲಿ ಆರಿಸಿದರೆ ಬಣ್ಣ ಬೂದುಗಟ್ಟುತ್ತದೆ. ಎರಡನೆಯದು, ಈ ಸಿಮೆಂಟು ನೀರು ಹೆಚ್ಚು ಕೇಳುತ್ತದೆ. ಹೆಚ್ಚು ನೀರು ಹಾಕದೆ, ಮಿಶ್ರಣ ಸಡಿಲಿಸುವ ಪ್ಲಾಸ್ಟಿಸೈಜರ್ ಹಾಕಬೇಕು. ಮೇಸ್ತ್ರಿಗೆ ಇದನ್ನು ಹೇಳದಿದ್ದರೆ ಅವನು ಕೊಡ ಎತ್ತಿ ಸುರಿಯುತ್ತಾನೆ.

ಹಂತ 4: ರಾ ಮಿಕ್ಸ್ ಮತ್ತು ಜಿಪ್ಸಮ್‌ನಲ್ಲಿ ಏನು ಬದಲಿಸಬಹುದು

ಇದು ಬೇಗ ಮುಗಿಯುವ ಕೆಲಸ. ರಾ ಮಿಕ್ಸ್ ಎಂದರೆ ಕಿಲ್ನ್‌ಗೆ ಹೋಗುವ ಕಲ್ಲಿನ ಹಿಟ್ಟಿನ ಮಿಶ್ರಣ. ಕಬ್ಬಿಣದ ಅಂಶಕ್ಕಾಗಿ ಕೊಳ್ಳುವ ಲ್ಯಾಟರೈಟ್ ಅಥವಾ ಅದಿರಿನ ಬದಲು ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರು ಬಳಸಬಹುದು. ಸಿಮೆಂಟು ಕಂಪನಿಗಳು ಅದನ್ನು ಈಗಾಗಲೇ ಕೊಳ್ಳುತ್ತಿವೆ. ಅದರಲ್ಲಿ ಸೋಡಾ ಇರುವುದರಿಂದ ಪ್ರಮಾಣಕ್ಕೆ ಮಿತಿ ಇಡಿ. ಕ್ಲಿಂಕರ್ ಅರೆಯುವಾಗ ಸೇರಿಸುವ ಗಣಿಯ ಜಿಪ್ಸಮ್ ಬದಲು ಗೊಬ್ಬರ ಕಾರ್ಖಾನೆಯ ಫಾಸ್ಫೋಜಿಪ್ಸಮ್ ಹಾಕಬಹುದು, ಆದರೆ ತೊಳೆದದ್ದು. ತೊಳೆಯದಿದ್ದರೆ ಉಳಿದ ಫಾಸ್ಫೇಟ್ ಸಿಮೆಂಟು ಗಟ್ಟಿಯಾಗುವುದನ್ನೇ ತಡಮಾಡುತ್ತದೆ.

ಹಂತ 5: ಈಗ ಕಸ

ಇಷ್ಟು ಮಾಡಿದವರು ಈಗ ಇಂಧನದ ಕಡೆ ಬರಬಹುದು. ಕಿಲ್ನ್‌ನ ಒಂದು ಗುಣ ಯಾವ ಕಸದ ಕುಲುಮೆಗೂ ಇಲ್ಲ. ಒಳಗೆ ಜ್ವಾಲೆ ಸುಮಾರು 2,000 ಡಿಗ್ರಿ, ಬೂದಿ ಉಳಿಯುವುದಿಲ್ಲ, ಉರಿದ ಕಸದ ಖನಿಜಾಂಶವೆಲ್ಲ ಕ್ಲಿಂಕರ್‌ನಲ್ಲಿ ಸೇರಿಹೋಗುತ್ತದೆ. ಜರ್ಮನಿಯ ಕಾರ್ಖಾನೆಗಳು ಶಾಖದ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೀಗೆಯೇ ಪಡೆಯುತ್ತವೆ. ನಮ್ಮಲ್ಲಿ ಅಷ್ಟು ಆಗಿಲ್ಲ. ಕಾರಣ ಕಿಲ್ನ್ ಅಲ್ಲ, ಕಸ.

*ಏನು ಬರಬಾರದು.* ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಬಯೋಮೆಡಿಕಲ್ ತ್ಯಾಜ್ಯ, ಕಲ್ನಾರು, ಇ-ತ್ಯಾಜ್ಯ, ಇಡೀ ಬ್ಯಾಟರಿ, ಸ್ಫೋಟಕ ಇವನ್ನು ಬೇಡವೆನ್ನುತ್ತದೆ. ಬೇರ್ಪಡಿಸದ ಊರ ಕಸವೂ ಅದೇ ಪಟ್ಟಿಯಲ್ಲಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಇನ್ನು ನನ್ನ ಕಡೆಯಿಂದ ಎರಡು ಸೇರಿಸುತ್ತೇನೆ: ಹಾಲಿನ ಪ್ಯಾಕೆಟ್ಟು ಮತ್ತು ನೀರಿನ ಬಾಟಲಿ. ಇವಕ್ಕೆ ಗುಜರಿಯಲ್ಲಿ ಬೆಲೆ ಇದೆ, ಮತ್ತೆ ಪ್ಲಾಸ್ಟಿಕ್ ಆಗುತ್ತವೆ. ಕಿಲ್ನ್‌ಗೆ ಬರಬೇಕಾದ್ದು ಯಾರೂ ಮುಟ್ಟದ ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಹರಿದ ಬಟ್ಟೆ, ಕೊಳಕು ಕಾಗದ. ಆಯುವವರ ಬುಟ್ಟಿಯಿಂದ ಕಸಿದು ಕಿಲ್ನ್‌ಗೆ ಹಾಕಿದರೆ ಅದನ್ನು ವರ್ತುಲ ಎನ್ನಲಾಗದು.

*ಕ್ಲೋರಿನ್ ಲೆಕ್ಕ.* ಈ ಹಂತದ ಜೀವಾಳ ಇದು. ಕಸದಲ್ಲಿನ ಕ್ಲೋರಿನ್ ಕಿಲ್ನ್‌ನ ಬಿಸಿ ತುದಿಯಲ್ಲಿ ಆವಿಯಾಗಿ ಮೇಲೇರುತ್ತದೆ, ಪ್ರೀಹೀಟರ್‌ನಲ್ಲಿ ತಣ್ಣಗಾಗಿ ಕ್ಷಾರದ ಜೊತೆ ಕೂಡಿ ಗೋಡೆಗೆ ಅಂಟುತ್ತದೆ, ಕಲ್ಲಿನ ಹಿಟ್ಟಿನ ಜೊತೆ ಮತ್ತೆ ಕೆಳಗಿಳಿಯುತ್ತದೆ. ಸುತ್ತುತ್ತಲೇ ಇರುತ್ತದೆ (ನಮಗೆ ಬೇಡವಾದ ವರ್ತುಲ ಇದೊಂದೇ). ಕೋಟಿಂಗ್ ಕಟ್ಟಿ ಪ್ರೀಹೀಟರ್‌ನ ಸೈಕ್ಲೋನ್ (ಹಿಟ್ಟು ಸುತ್ತಿ ಇಳಿಯುವ ಆಲಿಕೆಯಂಥ ಪಾತ್ರೆ) ಜಾಮ್ ಆದರೆ ಶಟ್‌ಡೌನ್. ನಾನು ಕೆಲಸ ಮಾಡಿದ ಒಂದು ಕಡೆ ಮೊದಲ ಉತ್ಸಾಹದಲ್ಲಿ ಮೂರು ವಾರ ಜೋರಾಗಿ ಕಸ ಹಾಕಿ, ನಾಲ್ಕನೆಯ ವಾರ ಎರಡು ದಿನ ಇಡೀ ಪಾಳಿ ಗೋಪುರದ ಮೇಲೆ ನೀರಿನ ಲ್ಯಾನ್ಸ್ ಹಿಡಿದು ನಿಂತಿದ್ದೆವು. ಉಳಿಸಿದ ಕಲ್ಲಿದ್ದಲೆಲ್ಲ ಆ ಎರಡು ದಿನದಲ್ಲಿ ಹೋಯಿತು.

ಸಾಮಾನ್ಯವಾಗಿ ಟನ್ ಕ್ಲಿಂಕರ್‌ಗೆ ಎಲ್ಲ ಮೂಲಗಳಿಂದ 300 ಗ್ರಾಂ ಕ್ಲೋರಿನ್ ದಾಟಿದರೆ ತೊಂದರೆ ಶುರು. ಈಗ ಗುಣಿಸಿ ನೋಡಿ. ಕೆ.ಜಿ.ಗೆ 3,000 ಕಿಲೊಕ್ಯಾಲೊರಿ ಇರುವ ಕಸದ ಇಂಧನದಿಂದ ಶೇ 20 ಶಾಖ ಬೇಕಾದರೆ ಟನ್ ಕ್ಲಿಂಕರ್‌ಗೆ ಸುಮಾರು 49 ಕೆ.ಜಿ. ಹಾಕಬೇಕು. ಅದರಲ್ಲಿ ಕ್ಲೋರಿನ್ ಶೇ 0.8 ಇದ್ದರೆ 390 ಗ್ರಾಂ ಆಯಿತು, ಮಿತಿ ದಾಟಿತು. ಶೇ 10ಕ್ಕೆ ನಿಂತರೆ 200 ಗ್ರಾಂ ಒಳಗೆ. ಅಂದರೆ ಶೇ 10ರವರೆಗೆ ಇದ್ದ ಯಂತ್ರದಲ್ಲೇ ನಡೆಯುತ್ತದೆ, ಅದರಾಚೆಗೆ ಆ ಆವಿಯನ್ನು ನಡುವೆಯೇ ಹೊರಗೆಳೆಯುವ ಕ್ಲೋರಿನ್ ಬೈಪಾಸ್ ಕಟ್ಟಬೇಕು, ಇಲ್ಲವೇ ಕಸದಲ್ಲೇ ಕ್ಲೋರಿನ್ ಇಳಿಸಬೇಕು.

ಇಳಿಸುವುದು ಊರಿನಲ್ಲಿ, ಕಾರ್ಖಾನೆಯಲ್ಲಲ್ಲ. ಕ್ಲೋರಿನ್ ಬರುವ ದೊಡ್ಡ ಬಾಗಿಲು ಎರಡು. ಒಂದು ಪಿವಿಸಿ: ಫ್ಲೆಕ್ಸ್ ಬ್ಯಾನರ್, ಪೈಪಿನ ತುಂಡು, ರೆಕ್ಸಿನ್. ಇನ್ನೊಂದು ಅಡುಗೆಮನೆಯ ಉಪ್ಪು. ಸಾರು ಚೆಲ್ಲಿದ ಹಸಿಕಸ ಒಣಕಸಕ್ಕೆ ಮೆತ್ತಿದರೆ ಉಪ್ಪೂ ಬಂತು, ನೀರೂ ಬಂತು. ಹಸಿಕಸ, ಒಣಕಸ ಬೇರೆ ಮಾಡಿ ಎಂದು ಪೌರಕಾರ್ಮಿಕರು ದಿನಾ ಬಾಗಿಲಲ್ಲಿ ಹೇಳುವುದಕ್ಕೂ ಸೇಡಂನ ಸೈಕ್ಲೋನ್ ಜಾಮ್ ಆಗುವುದಕ್ಕೂ ಹೀಗೆ ನೇರ ನಂಟಿದೆ.

*ಕೊಳ್ಳುವ ಕ್ರಮ.* ತೂಕಕ್ಕೆ ಹಣ ಕೊಡಬೇಡಿ, ಒಣ ಶಾಖಕ್ಕೆ ಕೊಡಿ. ತೂಕಕ್ಕೆ ಕೊಟ್ಟರೆ ಮಳೆಗಾಲದಲ್ಲಿ ನೀರು ಕೊಳ್ಳುತ್ತೀರಿ. ಕೇಂದ್ರ ನಗರ ವ್ಯವಹಾರಗಳ ಸಚಿವಾಲಯ 2018ರಲ್ಲಿ ಕೊಟ್ಟ ದರ್ಜೆಗಳನ್ನು ಒಪ್ಪಂದದಲ್ಲೇ ಬರೆಯಿರಿ. ಮೂರನೇ ದರ್ಜೆಗೆ ತೇವ ಶೇ 20ರೊಳಗೆ, ಬೂದಿ ಶೇ 15ರೊಳಗೆ, ಕ್ಲೋರಿನ್ ಶೇ 1ರೊಳಗೆ, ಶಾಖ 3,000ಕ್ಕೆ ಮೇಲೆ. ಒಂದನೇ ದರ್ಜೆಗೆ 4,500, ಕ್ಲೋರಿನ್ ಶೇ 0.5ರೊಳಗೆ. ದೂರವನ್ನೂ ಮರೆಯಬೇಡಿ. ಬೆಂಗಳೂರಿಂದ ಕಲಬುರಗಿಗೆ ಸುಮಾರು 600 ಕಿ.ಮೀ. ಒತ್ತಿ ಬೇಲ್ ಕಟ್ಟದ ಕಸ ತುಂಬಿದರೆ ಲಾರಿ ಗೋಪುರದಂತೆ ಕಾಣುತ್ತದೆ, ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ ತೂಕವೇ ಇಲ್ಲ. ಆದ್ದರಿಂದ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಮೊದಲು, ಬೆಂಗಳೂರು ಕೊನೆಗೆ. ದಿನಕ್ಕೆ 10,000 ಟನ್ ಕ್ಲಿಂಕರ್ ಮಾಡುವ ಕಿಲ್ನ್ ಶೇ 10ಕ್ಕೇ 240 ಟನ್‌ಗೂ ಹೆಚ್ಚು ಒಣ ಇಂಧನ ಕೇಳುತ್ತದೆ. ಈ ನಾಲ್ಕು ಊರುಗಳ ಒಣಕಸ ಪೂರ್ತಿ ಬಂದರೂ ಅದಕ್ಕೆ ಅಜೀರ್ಣವಾಗದು.

*ತೊಗರಿ ಕಟ್ಟಿಗೆ.* ಕ್ಲೋರಿನ್ ಕಾಟ ಇಲ್ಲಿ ಕಡಿಮೆ, ಇಂಗಾಲವೂ ಹೋದ ವರ್ಷ ಗಾಳಿಯಿಂದ ಬಂದದ್ದೇ. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆಯಲ್ಲಿ ಒಂದಷ್ಟನ್ನು ಬೆಂಕಿ ಹಚ್ಚಿ ಮುಗಿಸುತ್ತಾರೆ. ತಾಲ್ಲೂಕಿಗೊಂದು ಕಡೆ ಕತ್ತರಿಸಿ ಬೇಲ್ ಕಟ್ಟುವ ವ್ಯವಸ್ಥೆ ಮಾಡಿ, ಎರಡು ತಿಂಗಳಲ್ಲಿ ವರ್ಷದ ಸರಕು ಕೂಡಿಸಬೇಕು. ಬೇಲ್‌ಗಳ ಒಟ್ಟಿಲಿನ ನಡುವೆ ಬೆಂಕಿ ವಾಹನ ಹೋಗುವಷ್ಟು ಜಾಗ ಬಿಡಿ. ಒಂದು ಎಚ್ಚರ: ಅದೇ ಕಟ್ಟಿಗೆ ಎಷ್ಟೋ ಮನೆಯ ಒಲೆಗೂ ಹೋಗುತ್ತದೆ. ಕಾರ್ಖಾನೆ ದರ ಏರಿಸಿ ಎಲ್ಲವನ್ನೂ ಬಳಿದುಕೊಂಡರೆ ಒಲೆಗೆ ಏನು? ಹೊಲದಲ್ಲಿ ಸುಡುವವರಿಂದ ಮಾತ್ರ ಕೊಳ್ಳುವ ಒಪ್ಪಂದ ಗ್ರಾಮ ಪಂಚಾಯಿತಿಯ ಮೂಲಕ ಆಗಲಿ.

*ಉರಿಸುವ ಕ್ರಮ.* ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಮೊದಲು. ಕಿಲ್ನ್‌ಗೆ ಮೊದಲು ಕಲ್ಲಿನ ಹಿಟ್ಟು ಸುಡುವ ಕ್ಯಾಲ್ಸೈನರ್‌ನಿಂದ ಶುರುಮಾಡಿ, ಅಲ್ಲಿ ಒರಟು ಇಂಧನವೂ ನಡೆಯುತ್ತದೆ. ಮುಖ್ಯ ಬರ್ನರ್ ತೀರಾ ನಯವಾದದ್ದನ್ನೇ ಕೇಳುತ್ತದೆ. ಶೇ 3ಕ್ಕೆ ಒಂದು ತಿಂಗಳು ನಿಲ್ಲಿ. ಕಾರ್ಬನ್ ಮಾನಾಕ್ಸೈಡ್ ಏರಿಳಿದರೆ ಕಸದ ತುಂಡುಗಳು ಸಮವಾಗಿಲ್ಲ ಎಂದರ್ಥ, ಶ್ರೆಡರ್‌ನ ಬ್ಲೇಡ್ ನೋಡಿ. ಕಿಲ್ನ್ ಬಿಸಿಯಾಗುವ ಮುನ್ನ, ನಿಲ್ಲಿಸುವ ಹೊತ್ತಿನಲ್ಲಿ ಕಸ ಹಾಕಲೇಬಾರದು, ಡಯಾಕ್ಸಿನ್ ಎಂಬ ವಿಷ ಹುಟ್ಟುವುದು ಅಂಥ ಹೊತ್ತಿನಲ್ಲೇ. 2016ರ ಮೇ ತಿಂಗಳ ಅಧಿಸೂಚನೆ ಡಯಾಕ್ಸಿನ್ ಮತ್ತು ಫ್ಯೂರಾನ್‌ಗೆ ಘನ ಮೀಟರಿಗೆ 0.1 ನ್ಯಾನೊಗ್ರಾಂ, ಪಾದರಸಕ್ಕೆ 0.05 ಮಿಲಿಗ್ರಾಂ ಮಿತಿ ಇಟ್ಟಿದೆ. ಪರೀಕ್ಷೆಯ ಫಲಿತಾಂಶವನ್ನು ಮಂಡಳಿಗೆ ಕಳಿಸಿ ಸುಮ್ಮನಾಗಬೇಡಿ, ಕನ್ನಡದಲ್ಲಿ ಬರೆಸಿ ಗೇಟಿನ ಹೊರಗೆ ಹಾಕಿ. ಪಕ್ಕದ ಹಳ್ಳಿಯವರು ಇಷ್ಟು ವರ್ಷ ಧೂಳು ತಿಂದಿದ್ದಾರೆ. ಚಿಮಣಿಯಿಂದ ಏನು ಬರುತ್ತಿದೆ ಎಂದು ಕೇಳುವ ಹಕ್ಕು ಅವರಿಗಿದೆ.

ಹಂತ 6: ಚೀಲ ಹೊರಬಿದ್ದ ಮೇಲೆ

"ಬೂದಿ ಸಿಮಿಟ್ ಲಗೂನ ಹಿಡಿಯಂಗಿಲ್ರಿ ಸಾಹೇಬ್ರ, ಐವತ್ಮೂರು ತರಿಸ್ರಿ." ಈ ಮಾತು ಕೇಳದ ಸೈಟ್ ಎಂಜಿನಿಯರ್ ನಮ್ಮ ಕಡೆ ಇಲ್ಲ. ಮೇಸ್ತ್ರಿ ಹೇಳುವುದು ಸುಳ್ಳಲ್ಲ. ಪಿಪಿಸಿ ಮೊದಲ ವಾರ ನಿಧಾನ. ಮಾನಕದ ಪ್ರಕಾರ ಏಳನೆಯ ದಿನಕ್ಕೆ ಅದಕ್ಕೆ 22 ಮೆಗಾಪಾಸ್ಕಲ್ ಸಾಕು, ಮೇಸ್ತ್ರಿ ಕೇಳುವ 53 ಗ್ರೇಡ್ ಒಪಿಸಿಗೆ 37 ಬೇಕು. ಬೇಗ ಸೆಂಟ್ರಿಂಗ್ ಬಿಚ್ಚಿ ಮುಂದಿನ ಮಹಡಿಗೆ ಹೋಗಬೇಕಾದವನಿಗೆ ಇದು ಕೂಲಿಯ ಪ್ರಶ್ನೆ. ಹಾಗಾಗಿ ಉಪದೇಶ ಬೇಡ, ಒಪ್ಪಂದದಲ್ಲಿ ಸೆಂಟ್ರಿಂಗ್‌ನ ಹೆಚ್ಚುವರಿ ದಿನಗಳ ಬಾಡಿಗೆ ಕೊಡಿ.

ನೀರುಣಿಸುವುದು ಇನ್ನೂ ಮುಖ್ಯ. ಕಾಂಕ್ರೀಟಿನ ಮಾನಕ ಐಎಸ್ 456 ಒಪಿಸಿಗೆ ಏಳು ದಿನ, ಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಿಗೆ ಹತ್ತು ದಿನ ಕ್ಯೂರಿಂಗ್ ಕೇಳುತ್ತದೆ. ಒಣ ಸೆಖೆಯ ಊರಿನಲ್ಲಿ ಇಂಥ ಬೆರಕೆ ಸಿಮೆಂಟಿಗೆ ಅದರ ಶಿಫಾರಸು ಹದಿನಾಲ್ಕು. ಏಪ್ರಿಲ್ ತಿಂಗಳ ಕಲಬುರಗಿಗಿಂತ ಒಣ ಸೆಖೆ ಇನ್ನೆಲ್ಲಿ? ನೀರು ಉಳಿಸಲು ಗೋಣಿತಾಟು ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ. ಬೂದಿಯ ಕೆಲಸ ನಡೆಯುವುದೇ ನೀರಿರುವವರೆಗೆ. ಏಳನೆಯ ದಿನಕ್ಕೆ ಪೈಪ್ ಸುತ್ತಿಟ್ಟರೆ ಹಂತ 2ರಲ್ಲಿ ಮಾಡಿದ್ದೆಲ್ಲ ನೀರಿಲ್ಲದೆ ಹೋಮವಾಗುತ್ತದೆ.

ಲೋಕೋಪಯೋಗಿ, ನೀರಾವರಿ, ಪಂಚಾಯತ್ ರಾಜ್ ಟೆಂಡರುಗಳಲ್ಲಿ "ಒಪಿಸಿ 53 ಗ್ರೇಡ್ ಮಾತ್ರ" ಎಂಬ ಸಾಲು ಕಂಡರೆ ಅದು ಬೇಕೇ ಎಂದು ಬರೆದು ಕೇಳಿ. ಪ್ರೀಸ್ಟ್ರೆಸ್ಡ್ ಗರ್ಡರ್‌ಗೆ ಬೇಕು, ಚರಂಡಿಯ ಗೋಡೆಗೆ ಬೇಡ. ಬದಲಿಗೆ ಹಾಕಬಹುದಾದ ಸಾಲು: "ಐಎಸ್ 1489, 455, 16415 ಅಥವಾ 18189ರ ಸಿಮೆಂಟು, 56ನೆಯ ದಿನದ ಕ್ಯೂಬ್ ಬಲ ಮಾನ್ಯ, ಕ್ಯೂರಿಂಗ್ 14 ದಿನ, ಅದಕ್ಕೆ ಪ್ರತ್ಯೇಕ ದರ." ಪ್ರತ್ಯೇಕ ದರ ಇಲ್ಲದ ಕ್ಯೂರಿಂಗ್ ನಮ್ಮಲ್ಲಿ ಕಾಗದದ ಮೇಲೆ ಮಾತ್ರ ಆಗುತ್ತದೆ.

ಹಂತ 7: ಕೆಡವಿದ ಮನೆ

ಉತ್ತರ ಕರ್ನಾಟಕದ ಹಳೇ ಮನೆ ಕೆಡವುವುದನ್ನು ನೋಡಿದ್ದೀರಾ? ತೊಲೆ, ಬಾಗಿಲು, ಕಬ್ಬಿಣದ ಸರಳು ಮೊದಲೇ ಮಾರಿಹೋಗಿರುತ್ತವೆ. ಶಹಾಬಾದ್ ಪರ್ಶಿಯನ್ನು ಒಂದೂ ಒಡೆಯದಂತೆ ಎಬ್ಬಿಸಿ ಇನ್ನೊಂದು ಅಂಗಳಕ್ಕೆ ಹಾಸುತ್ತಾರೆ. ಉಳಿದ ಮಣ್ಣು ಪಾಯಕ್ಕೆ. ಕಸವೇ ಇಲ್ಲ. ಕಾಂಕ್ರೀಟು ಮನೆಯ ಹಣೆಬರಹ ಬೇರೆ: ಕಬ್ಬಿಣ ಗುಜರಿಗೆ, ಉಳಿದದ್ದು ರಾತ್ರಿ ಟಿಪ್ಪರ್‌ನಲ್ಲಿ ಕೆರೆಯ ಅಂಗಳಕ್ಕೆ.

2016ರ ನಿಯಮದಲ್ಲೇ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರಿ ಅವಶೇಷ ಮಾಡುವವರು ಅದನ್ನು ಬೇರ್ಪಡಿಸಿ ಕೊಡಬೇಕಿತ್ತು. 2025ರಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಮಾಡಿದ ಹೊಸ ನಿಯಮ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳ ನಿರ್ಮಾತೃಗಳ ಮೇಲೆ ಮರುಬಳಕೆಯ ಹೊಣೆಯನ್ನೇ ಹಾಕುತ್ತದೆ.

ಕೆಲಸದ ಕ್ರಮ: ಕೆಡವುವ ಮುನ್ನ ಜಿಪ್ಸಮ್ ಪ್ಲಾಸ್ಟರ್, ಮರ, ಟೈಲ್ಸ್, ವೈರು ಬಿಚ್ಚಿ ತೆಗೆಯಿರಿ. ಇಟ್ಟಿಗೆಯ ರಾಶಿ ಬೇರೆ, ಕಾಂಕ್ರೀಟಿನ ರಾಶಿ ಬೇರೆ. ಬೆರೆತರೆ ಬೆಲೆ ಹೋಯಿತು. ಕಾಂಕ್ರೀಟು ಮಾತ್ರ ಪುಡಿಮಾಡಿದ ಜಲ್ಲಿಯನ್ನು ಐಎಸ್ 383ರ 2016ರ ಆವೃತ್ತಿ ಸಾದಾ ಕಾಂಕ್ರೀಟಿಗೆ ಶೇ 25, ಎಂ25 ದರ್ಜೆಯವರೆಗಿನ ಕಬ್ಬಿಣದ ಕಾಂಕ್ರೀಟಿಗೆ ಶೇ 20, ಬೆಡ್ ಕಾಂಕ್ರೀಟಿನಂಥ ಲೀನ್ ಕಾಂಕ್ರೀಟಿಗೆ ಶೇ 100 ಒಪ್ಪುತ್ತದೆ. ಹಳೆಯ ಗಾರೆ ಅಂಟಿದ ಜಲ್ಲಿ ನೀರು ಕುಡಿಯುತ್ತದೆ, ಹಿಂದಿನ ದಿನವೇ ನೆನೆಸಿ.

ಪುಡಿಮಾಡುವಾಗ ಬೀಳುವ ನಯವಾದ ಧೂಳನ್ನು ಬಿಸಾಡಬೇಡಿ. ಅದರಲ್ಲಿ ಹಳೆಯ ಸಿಮೆಂಟು ಇದೆ, ಅದರ ಸುಣ್ಣ ಈಗಾಗಲೇ ಒಮ್ಮೆ ಬೆಂದದ್ದು. ಕಾರ್ಖಾನೆಯಲ್ಲಿ ಸುಣ್ಣದಕಲ್ಲು ಅರೆಯುವ ರಾ ಮಿಲ್‌ಗೆ ಹಾಕಿದರೆ ಅಷ್ಟರಮಟ್ಟಿಗೆ ಸುಣ್ಣದಕಲ್ಲೂ ಉಳಿಯಿತು, ಮೊದಲ ಸಾಲಿನಲ್ಲಿ ಹೇಳಿದ ಆ 44 ಕೆ.ಜಿ. ಹೊಗೆಯೂ ತಪ್ಪಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ತಂಡ ಇದೇ ಹಳೆಯ ಸಿಮೆಂಟನ್ನು ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಗೆ ಸುಣ್ಣದ ಬದಲು ಹಾಕಿ, ಮೇಲೆ ತೇಲುವ ಸ್ಲ್ಯಾಗನ್ನೇ ಕ್ಲಿಂಕರ್ ಆಗಿಸಿದೆ. 2024ರಲ್ಲಿ ಪ್ರಕಟವಾದ ಈ ಕೆಲಸ ನಮ್ಮ ಸೀಮೆಗೆ ಬರಲು ಕಾಲ ಹಿಡಿಯುತ್ತದೆ, ರಾ ಮಿಲ್‌ಗೆ ಹಾಕಲು ಕಾಯಬೇಕಿಲ್ಲ. ಮರಳು ಹೆಚ್ಚು ಬೆರೆತಿದ್ದರೆ ಸಿಲಿಕಾ ಏರಿ ಕ್ಲಿಂಕರ್ ಬೇಯುವುದು ಕಷ್ಟ. ಅದಕ್ಕೇ ಜಾಲರಿಯಲ್ಲಿ ಸೋಸಿ ತೀರಾ ನಯವಾದದ್ದನ್ನೇ ಆರಿಸಿ.

ಸಿಮೆಂಟು ತುಂಬಿಕೊಂಡು ಊರಿಗೆ ಹೋದ ಲಾರಿ ಖಾಲಿ ಬರುತ್ತದಲ್ಲ, ಈ ಧೂಳು ಅದರಲ್ಲಿ ಬರಲಿ.

ಮೊದಲ ವರ್ಷದ ಕ್ಯಾಲೆಂಡರ್

ಏಪ್ರಿಲ್‌ನಲ್ಲಿ ಲೆಕ್ಕದ ಹಾಳೆ ಮುಗಿಸಿ, ಬೂದಿಯ ಒಪ್ಪಂದ ಗುಣಮಟ್ಟದ ಷರತ್ತಿನೊಂದಿಗೆ ಹೊಸದಾಗಿ ಬರೆಯಿರಿ. ಮೇ ತಿಂಗಳಲ್ಲಿ, ಮಳೆ ಬೀಳುವ ಮುನ್ನ, ಕಸದ ಇಂಧನ ಇಡುವ ಶೆಡ್‌ಗೆ ಚಾವಣಿ ಹಾಕಿಸಿ. ಜೂನ್‌ನಿಂದ ಬೂದಿಯ ಪಾಲು ತಿಂಗಳಿಗೊಂದರಂತೆ ಏರಲಿ. ಮಳೆಗಾಲದಲ್ಲಿ ಕಸ ಉರಿಸುವ ಪ್ರಯೋಗ ಬೇಡ, ಆ ಹೊತ್ತಿನಲ್ಲಿ ನಗರಸಭೆಗಳ ಜೊತೆ ಒಪ್ಪಂದ, ಮಂಡಳಿಯ ಅನುಮತಿ, ಬೀದರಿನ ಜೇಡಿಯ ಪರೀಕ್ಷೆ ಮುಗಿಯಲಿ. ದೀಪಾವಳಿ ಕಳೆದ ಮೇಲೆ ಶೇ 3ರ ಪ್ರಯೋಗ ಶುರು. ಪುಷ್ಯದಲ್ಲಿ ತೊಗರಿ ರಾಶಿಯಾಗುವ ಹೊತ್ತಿಗೆ ಬೇಲ್ ಕಟ್ಟುವ ಯಂತ್ರ ಸೇಡಂ ಮತ್ತು ಚಿತ್ತಾಪುರದಲ್ಲಿ ನಿಂತಿರಬೇಕು. ಮಾರ್ಚ್‌ನಲ್ಲಿ ಅದೇ ಹಾಳೆ ತೆಗೆದು, ಹಳೇ ಅಂಕಿಯ ಪಕ್ಕ ಹೊಸ ಅಂಕಿ ಬರೆಯಿರಿ. ಕ್ಲಿಂಕರ್‌ನ ಸಾಲು ಮೊದಲು, ಕಸದ ಸಾಲು ಅದರ ಕೆಳಗೆ.